ಸುರಂಜನ್ ದಾಸ್: ರಸ್ತೆಗೆ ಹೆಸರಾದ ಟೆಸ್ಟ್ ಪೈಲಟ್

ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯಿಂದ ಹಳೆ ಮದ್ರಾಸ್ ರಸ್ತೆಗೆ ಹೋಗುವವರು ಒಂದು ಅಗಲವಾದ ರಸ್ತೆ ದಾಟಬೇಕು. ಇಂಟರ್‌ವ್ಯೂಗೆ ಅಂತ ರೋಣ, ನರಗುಂದ, ಗಜೇಂದ್ರಗಡದಿಂದ ರಾತ್ರಿ ಬಸ್ಸು ಹತ್ತಿ ಹೋದ ನಮ್ಮ ಸೀನಿಯರ್‌ಗಳು ಅನೇಕರು ಅಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರೇ. ಅದರ ಹೆಸರು ಸುರಂಜನ್ ದಾಸ್ ರಸ್ತೆ. ಯಾರೋ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು ಇರಬೇಕು ಅಂತ ಕೇಳಿದವರೆಲ್ಲ ಊಹಿಸ್ತಾರೆ. ಬಂಗಾಳದವರು ಹೌದು, ಆದರೆ ಅವರು ಪೈಲಟ್. ಅದೂ ಮಾಮೂಲಿ ಪೈಲಟ್ ಅಲ್ಲ, ಇನ್ನೂ ಯಾರೂ ಹಾರಿಸದ ವಿಮಾನವನ್ನು ಮೊದಲ ಸಲ ಹಾರಿಸುವ ಟೆಸ್ಟ್ ಪೈಲಟ್. ಆ ರಸ್ತೆಯ ಪಕ್ಕದಲ್ಲೇ ಇರುವ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೆದ್ದ ವಿಮಾನದಲ್ಲೇ, 1970ರ ಜನವರಿ 10ರಂದು, ಅವರು ಜೀವ ಬಿಟ್ಟರು.

ದಾಸ್ ಹುಟ್ಟಿದ್ದು 1920ರ ಫೆಬ್ರುವರಿ 22ರಂದು. ತಂದೆ ಸುಧಿ ರಂಜನ್ ದಾಸ್ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಮನೆಯ ಅಳಿಯ ಅಶೋಕ್ ಸೇನ್ ನೆಹರೂ ಸಂಪುಟದಲ್ಲಿ ಕಾನೂನು ಮಂತ್ರಿ. ಅಂದರೆ ಊಟಕ್ಕೆ ಕೂತಾಗಲೂ ಕಾಯ್ದೆಯ ಮಾತೇ ನಡೀತಿದ್ದಿರಬೇಕು. ಅಂಥ ಮನೆಯ ಮಗ ಕಪ್ಪು ಕೋಟು ಬಿಟ್ಟು ವಾಯುಪಡೆಯ ಸಮವಸ್ತ್ರ ತೊಟ್ಟ. ಆಮೇಲೆ ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ಕಲಿತು ಬಂದರು. ಆ ಕಾಲಕ್ಕೆ ಆ ತರಬೇತಿ ಪಡೆದ ಭಾರತೀಯರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಟೆಸ್ಟ್ ಪೈಲಟ್ ಅಂದ ತಕ್ಷಣ ಸಿನಿಮಾದ ಹೀರೋ ಕಣ್ಮುಂದೆ ಬರ್ತಾನೆ. ನಿಜವಾದ ಕೆಲಸದಲ್ಲಿ ಧೈರ್ಯಕ್ಕಿಂತ ಬರವಣಿಗೆ ಹೆಚ್ಚು ಅಂದ್ರೆ ನಂಬ್ತೀರಾ? ಇವತ್ತು ಏನೇನು ಮಾಡಬೇಕು, ಎಷ್ಟು ವೇಗ, ಎಷ್ಟು ಎತ್ತರ ಅಂತ ಕಾರ್ಡಿನ ಮೇಲೆ ಬರೆದುಕೊಂಡು ಹೋಗಬೇಕು. ಸ್ಟಿಕ್ ಎಳೆದಾಗ ಮೂಗು ಎಷ್ಟು ಬೇಗ ಎದ್ದಿತು, ಕೈಗೆ ಎಷ್ಟು ಭಾರ ಬಂತು, ಎಲ್ಲಿ ನಡುಕ ಶುರುವಾಯಿತು ಅಂತ ಗಮನಿಸಬೇಕು. ಇಳಿದ ಮೇಲೆ ಎಂಜಿನಿಯರ್‌ಗಳ ಮುಂದೆ ಕೂತು ಒಂದೊಂದನ್ನೂ ಒಪ್ಪಿಸಿ, ವರದಿ ಬರೆದು ಸಹಿ ಹಾಕಬೇಕು. 1969ರಲ್ಲಿ ನಾಸಾ ಪ್ರಕಟಿಸಿದ ಕೂಪರ್-ಹಾರ್ಪರ್ ಮಾಪಕ ಈ ಮಾತಿಗೆ ಒಳ್ಳೆ ಉದಾಹರಣೆ. ವಿಮಾನದ ನಡತೆಗೆ ಪೈಲಟ್ 1ರಿಂದ 10ರವರೆಗೆ ಅಂಕ ಕೊಡಬೇಕು. ಅದರಲ್ಲಿ 1 ಅಂದರೆ ಅತ್ಯುತ್ತಮ, 10 ಅಂದರೆ ಹಿಡಿತಕ್ಕೇ ಸಿಗದ್ದು. ನಮ್ಮ ಪರೀಕ್ಷೆಯ ತದ್ವಿರುದ್ಧ! ವಿಮಾನ ಕಟ್ಟಿದವರಿಗೆ, ನಿಮ್ಮ ವಿಮಾನದಲ್ಲಿ ಇಂತಿಂಥ ದೋಷ ಐತಿ ಅಂತ ಮುಖ ನೋಡಿ ಹೇಳುವುದೇ ಆ ಕೆಲಸದ ತಿರುಳು.

ದಾಸ್ ಅವರ ಬದುಕಿನ ದೊಡ್ಡ ಅಧ್ಯಾಯ ಶುರುವಾದದ್ದು ಬೆಂಗಳೂರಿನಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಅಷ್ಟೊತ್ತಿಗೆ ಸರಕಾರದ ಕೈಗೆ ಬಂದಿತ್ತು. 1951ರಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ಎಚ್‌ಟಿ-2 ಅನ್ನುವ ತರಬೇತಿ ವಿಮಾನ ಹಾರಿಸಿ ತೋರಿಸಿತ್ತು. ಮುಂದಿನ ಆಸೆ ಭಾರೀ ದೊಡ್ಡದು: ಶಬ್ದದ ಎರಡು ಪಟ್ಟು ವೇಗದ ಯುದ್ಧವಿಮಾನ! ಸೈಕಲ್ ಕಲಿತವನು ಸೀದಾ ರೇಸ್ ಬೈಕಿಗೆ ಕೈ ಹಾಕಿದ ಹಾಗೆ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ತಮ್ಮ ತಂಡದ ಜೊತೆ ಬೆಂಗಳೂರಿಗೆ ಬಂದಿಳಿದರು. ಎರಡನೇ ಮಹಾಯುದ್ಧದಲ್ಲಿ ಹೆಸರಾದ ಎಫ್‌ಡಬ್ಲ್ಯೂ-190 ವಿಮಾನದ ವಿನ್ಯಾಸಕ ಅವರು. ಯುದ್ಧದ ನಂತರ ಅರ್ಜೆಂಟೀನಾದಲ್ಲಿ ಪುಲ್ಕಿ-2 ಅನ್ನುವ ಜೆಟ್ ಕಟ್ಟಿದ್ದರು; ಅದು ಇಬ್ಬರು ಪೈಲಟ್‌ಗಳ ಜೀವ ತೆಗೆದುಕೊಂಡಿತ್ತು.

ಹೊಸ ವಿಮಾನಕ್ಕೆ ಎಚ್‌ಎಫ್-24 ಅಂತ ಸಂಖ್ಯೆ, ಮಾರುತ ಅಂತ ಹೆಸರು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಂತದ್ದನ್ನು ನೋಡುತ್ತ ಬೆಳೆದ ನಮಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಸುರಕ್ಷತೆಯ ದೃಷ್ಟಿಯಿಂದ ನಮಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಲೋಹದ ವಿಮಾನ ಕಟ್ಟುವ ಮೊದಲು ಅದೇ ಆಕಾರದ, ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿದರು. 1959ರಿಂದ ಅದನ್ನು ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲೆ ಒಯ್ದು, ಬಿಟ್ಟು, ತೇಲಿಸಿ ಇಳಿಸುತ್ತಿದ್ದರು. ಹೀಗೆ 78 ಸಲ ಹಾರಿಸಿದರು. ಕಂಪ್ಯೂಟರ್ ಸಿಮ್ಯುಲೇಶನ್ ಇಲ್ಲದ ಕಾಲದಲ್ಲಿ ವಿಮಾನದ ಗುಣ ತಿಳಿಯಲು ಅಗ್ಗದ, ಜಾಣ ದಾರಿ ಅದು. ಅವಸರ ಇತ್ತು, ದುಡ್ಡಿನ ಅಡಚಣೆಯೂ ಇತ್ತು. ಆದರೂ ಈ ಮೆಟ್ಟಿಲನ್ನು ಹಾರಿ ಹೋಗಲಿಲ್ಲ.

1961ರ ಜೂನ್ 17. ಆಗಿನ್ನೂ ವಿಂಗ್ ಕಮಾಂಡರ್ ಆಗಿದ್ದ ದಾಸ್ ಮಾರುತದ ಮೊದಲ ಪ್ರೋಟೋಟೈಪನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ವಾರದ ಮೇಲೆ, ಜೂನ್ 24ರಂದು, ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಎದುರಿಗೆ ಅಧಿಕೃತ ಪ್ರದರ್ಶನ ನಡೆಯಿತು. 1964ರ ಸೆಪ್ಟೆಂಬರ್ 4ರಂದು ಎಚ್‌ಎಎಲ್‌ನ ಇನ್ನೊಂದು ಜೆಟ್, ಕಿರಣ್ ತರಬೇತಿ ವಿಮಾನವನ್ನೂ ಮೊದಲು ಹಾರಿಸಿದ್ದು ಅವರೇ. ಮುಂದೆ ದಶಕಗಟ್ಟಲೆ ವಾಯುಪಡೆಯ ಹುಡುಗರು ಜೆಟ್ ಹಾರಾಟ ಕಲಿತದ್ದು ಕಿರಣ್‌ನಲ್ಲಿ. ಸೂರ್ಯಕಿರಣ್ ತಂಡದ ಹೆಸರಲ್ಲಿ ಇರುವ ಕಿರಣವೂ ಅದೇ.

ಆದರೆ ಮಾರುತಕ್ಕೆ ಒಂದು ಕೊರಗು ಹುಟ್ಟಿನಿಂದಲೇ ಅಂಟಿಕೊಂಡಿತ್ತು: ಎಂಜಿನ್. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನ ಆರ್ಫಿಯಸ್-12 ಎಂಜಿನ್ ಸಿಗುತ್ತದೆ ಅಂತ. ಬ್ರಿಟನ್ ಅದನ್ನು ಅರ್ಧಕ್ಕೇ ಕೈಬಿಟ್ಟಿತು. ಅಭಿವೃದ್ಧಿಯ ಖರ್ಚು ಹಾಕಲು ನಮ್ಮ ಸರಕಾರ ಒಪ್ಪಲಿಲ್ಲ. ಕೈಯಲ್ಲಿ ಉಳಿದದ್ದು ಸುಮಾರು 2,200 ಕೆಜಿ ನೂಕುಬಲದ ಆರ್ಫಿಯಸ್-703. ಅಂಥವು ಎರಡು ಕೂಡಿಸಿದರೂ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ-300 ಎಂಜಿನ್ ಕೂಡಿಸಿ 1967ರಲ್ಲಿ ಅಲ್ಲೇ ಒಂದು ಮಾರುತವನ್ನು ಹಾರಿಸಿದರು. ಆ ಯೋಜನೆಯೂ ಎರಡು ವರ್ಷದಲ್ಲಿ ನಿಂತುಹೋಯಿತು.

ಆಗ ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ ಇದ್ದ ಎಂಜಿನ್ನಿಗೇ ರೀಹೀಟ್, ಅಂದರೆ ಆಫ್ಟರ್‌ಬರ್ನರ್, ಜೋಡಿಸುವ ಕೆಲಸ ಕೈಗೆತ್ತಿಕೊಂಡಿತು. ಮೆಕ್ಯಾನಿಕಲ್‌ನವರಿಗೆ ಗೊತ್ತಿರ್ತದ, ಉಳಿದವರಿಗಾಗಿ ಹೇಳ್ತೀವಿ. ಟರ್ಬೈನ್ ದಾಟಿ ಹೊರಬರುವ ಅನಿಲದಲ್ಲಿ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ಅಲ್ಲಿ ಮತ್ತೆ ಇಂಧನ ಚಿಮ್ಮಿಸಿ ಉರಿಸಿದರೆ ಅನಿಲ ಇನ್ನೂ ಬಿಸಿಯಾಗಿ, ಇನ್ನೂ ಜೋರಾಗಿ ಹೊರಬಿದ್ದು ನೂಕುಬಲ ಏರುತ್ತದೆ. ಆದರೆ ಬಿಸಿ ಅನಿಲ ಹಿಗ್ಗುತ್ತದೆ, ಅದಕ್ಕೆ ನಾಝಲ್‌ನ ಬಾಯಿ ಅಗಲ ಆಗಬೇಕು. ಬಾಯಿ ಅಗಲ ಮಾಡಲು ವಿಮಾನದ ಹಿಂಭಾಗವನ್ನೇ ಬದಲಿಸಬೇಕು. ಹಾಗೆ ಬದಲಿಸಿದ ಹಿಂಭಾಗ ಗಾಳಿಯನ್ನು ಹಿಂದಕ್ಕೆ ಜಗ್ಗುತ್ತದೆ. ಇದಕ್ಕೆ ಬೇಸ್ ಡ್ರ್ಯಾಗ್ ಅಂತಾರೆ. ಮಾರುತದಲ್ಲಿ ಆದದ್ದು ಇದೇ: ಎಂಜಿನ್ ಒಂದು ಕೈಯಲ್ಲಿ ಕೊಟ್ಟದ್ದನ್ನು ಬೇಸ್ ಡ್ರ್ಯಾಗ್ ಇನ್ನೊಂದು ಕೈಯಲ್ಲಿ ಕಸಿದುಕೊಂಡಿತು.

ಈ ಮಾದರಿಗೆ ಎಂಕೆ-1ಆರ್ ಅಂತ ಹೆಸರು. ಅದರ ಪರೀಕ್ಷೆಯ ಹೊಣೆ ಹೊತ್ತವರು ಅಷ್ಟೊತ್ತಿಗೆ ಗ್ರೂಪ್ ಕ್ಯಾಪ್ಟನ್ ಆಗಿದ್ದ ದಾಸ್. ಇನ್ನು ಒಂದೂವರೆ ತಿಂಗಳಿಗೆ ಐವತ್ತು ತುಂಬುತ್ತಿತ್ತು. ಆ ವಯಸ್ಸಿನಲ್ಲಿ, ಆ ಹುದ್ದೆಯಲ್ಲಿ, ಪ್ರೋಟೋಟೈಪ್ ಹಾರಿಸೋಕೆ ಕಿರಿಯರನ್ನು ಕಳಿಸಿ ತಾವು ಆಫೀಸಿನಲ್ಲಿ ಕೂರಬಹುದಿತ್ತು. ಅವರು ಕೂರಲಿಲ್ಲ. ಜನವರಿ 10ರಂದು ಟೇಕಾಫ್ ಆದ ಸ್ವಲ್ಪದರಲ್ಲೇ ವಿಮಾನ ನೆಲಕ್ಕಪ್ಪಳಿಸಿತು. ಟೇಕಾಫ್ ಯಾವ ವಿಮಾನಕ್ಕೂ ಗಂಡಾಂತರದ ಹೊತ್ತು: ತೂಕ ಹೆಚ್ಚು, ವೇಗ ಕಡಿಮೆ, ಕೆಳಗೆ ಎತ್ತರದ ಉಳಿತಾಯ ಇಲ್ಲ. ಮೇಲೆ 20,000 ಅಡಿಯಲ್ಲಿ ಏನಾದರೂ ಕೆಟ್ಟರೆ ಯೋಚಿಸಲು ನಿಮಿಷಗಳಿರುತ್ತವೆ. ಇಲ್ಲಿ ಕೆಲವೇ ಸೆಕೆಂಡು.

ಸರಿ, ಯಾಕೆ ಬಿತ್ತು? ಎಂಜಿನಿಯರಿಂಗ್ ಓದುವವರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುವ ಸಮಿತಿಗೆ ಸೇನೆಯಲ್ಲಿ ಕೋರ್ಟ್ ಆಫ್ ಎನ್‌ಕ್ವೈರಿ ಅಂತಾರೆ. ಹೆಸರಲ್ಲಿ ಕೋರ್ಟ್ ಇದ್ದರೂ ಅದರ ಬಾಗಿಲು ಜನರಿಗೆ ತೆರೆದಿರುವುದಿಲ್ಲ. ಸೇನಾ ವಿಮಾನದ ತನಿಖಾ ವರದಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಇಲ್ಲೊಂದು ವಿಪರ್ಯಾಸ ನೋಡ್ರಿ. ತಂದೆ ಕೂತಿದ್ದ ನ್ಯಾಯಾಲಯದಲ್ಲಿ ಕಾರಣ ಬರೆಯದೆ ತೀರ್ಪಿಲ್ಲ, ಆ ಕಾರಣ ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಮಗನ ಕೆಲಸವಂತೂ ವಿಮಾನದ ಪ್ರತಿ ದೋಷವನ್ನೂ ಬರೆದಿಡುವುದೇ ಆಗಿತ್ತು. ಆ ಮಗನ ಸಾವಿನ ಕಾರಣವನ್ನು ನಾವು ಲೈಬ್ರರಿಯಲ್ಲಿ ಕೂತು ಓದುವಂತಿಲ್ಲ.

ನಾಗರಿಕ ವಿಮಾನಗಳ ಕತೆ ಬೇರೆ. 1944ರ ಶಿಕಾಗೋ ಒಪ್ಪಂದದ ಅನುಬಂಧ 13ರ ಪ್ರಕಾರ ತನಿಖೆಯ ಗುರಿ ಮುಂದಿನ ಅಪಘಾತ ತಡೆಯುವುದು, ಯಾರ ಮೇಲೋ ತಪ್ಪು ಹೊರಿಸುವುದಲ್ಲ, ವರದಿಯೂ ಪ್ರಕಟವಾಗಬೇಕು. ಆ ಒಪ್ಪಂದ ಸೇನಾ ವಿಮಾನಗಳಿಗೆ ಅನ್ವಯಿಸುವುದಿಲ್ಲ. ಈ ಎರಡು ದಾರಿಗಳ ಅಂತರ ತಿಳಿಯಲು ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2009ರ ಮಾರ್ಚ್ 6ರಂದು ಬಿಡದಿಯ ಹತ್ತಿರ ಎನ್‌ಎಎಲ್‌ನ ಸರಸ್ ವಿಮಾನದ ಪ್ರೋಟೋಟೈಪ್ ಬಿದ್ದು, ಅದನ್ನು ಪರೀಕ್ಷಿಸುತ್ತಿದ್ದ ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಹಾರಿಸಿದವರು ಸೇನೆಯವರು, ವಿಮಾನ ಮಾತ್ರ ನಾಗರಿಕ. ಹಾಗಾಗಿ ತನಿಖೆ ಡಿಜಿಸಿಎಗೆ ಬಂತು, ವರದಿ ಹೊರಗೆ ಬಂತು. ಆರಿಸಿದ ಎಂಜಿನ್ನನ್ನು ಹಾರಾಟದಲ್ಲೇ ಮತ್ತೆ ಹೊತ್ತಿಸಲು ವಿನ್ಯಾಸಕಾರರು ಕೊಟ್ಟಿದ್ದ ವಿಧಾನವೇ ಸರಿಯಿರಲಿಲ್ಲ, ಅದನ್ನು ಮಾಡಿದ ಎತ್ತರವೂ ಸಾಲದಾಗಿತ್ತು ಅಂತ ಅದರಲ್ಲಿ ಬರೆದಿದೆ. ಕಹಿ ಸತ್ಯ ಹೌದು. ಆದರೆ ನಾಳೆ ವಿಮಾನ ವಿನ್ಯಾಸ ಮಾಡಹೊರಟ ಯಾವ ಹುಡುಗಿಯಾದರೂ ಅದನ್ನು ಓದಿ ಕಲಿಯಬಹುದು.

ಸೇನೆಯ ಪರವಾಗಿಯೂ ಮಾತಿದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಯುದ್ಧವಿಮಾನದ ಮಿತಿಗಳು ಶತ್ರುವಿಗೆ ತಿಳಿಯಬಾರದು. ಹೇಳಿದ್ದು ನಾಳೆ ಪೇಪರಿನಲ್ಲಿ ಬರುತ್ತದೆ ಅಂದರೆ ಪೈಲಟ್ಟಾಗಲಿ ಟೆಕ್ನಿಶಿಯನ್ನಾಗಲಿ ತನಿಖೆಯಲ್ಲಿ ಬಾಯಿ ಬಿಚ್ಚುವುದಿಲ್ಲ. ಇವೆರಡೂ ಸರಿಯಾದ ಕಾರಣಗಳೇ. ಆದರೆ ಹಾರಾಟದಿಂದ ನಿವೃತ್ತಿಯಾಗಿ ಮ್ಯೂಸಿಯಂ ಸೇರಿದ ವಿಮಾನದ ವಿಷಯದಲ್ಲಿ ಯಾವ ಗುಟ್ಟು ಉಳಿದಿರುತ್ತದೆ ಅನ್ನುವುದು ನಮಗೆ ಅರ್ಥವಾಗುವುದಿಲ್ಲ. 2012ರಲ್ಲಿ ರಕ್ಷಣಾ ಮಂತ್ರಿ ಎ.ಕೆ. ಆಂಟನಿ ರಾಜ್ಯಸಭೆಗೆ ಕೊಟ್ಟ ಲೆಕ್ಕದ ಪ್ರಕಾರ, ಕೊಂಡ 872 ಮಿಗ್‌ಗಳಲ್ಲಿ ಸುಮಾರು 40 ವರ್ಷಗಳಲ್ಲಿ 482 ಅಪಘಾತಕ್ಕೆ ಈಡಾಗಿದ್ದವು. 171 ಪೈಲಟ್‌ಗಳು, ನೆಲದ ಮೇಲಿದ್ದ 39 ನಾಗರಿಕರು ಸತ್ತಿದ್ದರು. ಕಾರಣ ಮಾನವ ದೋಷ ಮತ್ತು ತಾಂತ್ರಿಕ ದೋಷ. ಲ್ಯಾಬ್ ರೆಕಾರ್ಡಿನಲ್ಲಿ ನಾವು ಇಷ್ಟೇ ಬರೆದರೆ ಮೇಷ್ಟ್ರು ಸಹಿ ಹಾಕ್ತಾರೇನು?

ಲೆಕ್ಕ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಮಲಪ್ರಭಾ ಕಾಲುವೆಯ ಕರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದದ್ದು ಇಲ್ಲಿ ಪ್ರತಿ ಮನೆಗೂ ಗೊತ್ತು. ವಿಮಾನದ ವಿಷಯದಲ್ಲಿ ಲೆಕ್ಕ ಕೇಳಿದ್ದು ಒಬ್ಬ ವಾಯುಪಡೆ ಅಧಿಕಾರಿಯೇ. 2005ರ ಜನವರಿಯಲ್ಲಿ ರಾಜಸ್ಥಾನದಲ್ಲಿ ಅವರ ಮಿಗ್-21 ಬಿತ್ತು. ಜೀವ ಉಳಿಯಿತು, ಬೆನ್ನು ಹೋಯಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು. ತಯಾರಿಕೆಯ ಹಂತದ ಕಳಪೆ ಕೆಲಸವೇ ಇದಕ್ಕೆ ಮೂಲ ಅಂತ ಕಂಡ ನ್ಯಾಯಾಲಯ 2017ರ ಮೇ ತಿಂಗಳಲ್ಲಿ ಎಚ್‌ಎಎಲ್ 50 ಲಕ್ಷ, ಕೇಂದ್ರ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂದಿತು. ಸೈನಿಕ ಅಪಾಯ ಒಪ್ಪಿಕೊಂಡೇ ಕೆಲಸಕ್ಕೆ ಬಂದವನು ನಿಜ. ಆದರೆ ಕೆಟ್ಟ ಕೆಲಸಗಾರಿಕೆಯ ಅಪಾಯವನ್ನು ಅವನು ಒಪ್ಪಿಕೊಂಡಿಲ್ಲ ಅನ್ನುವುದು ಆ ತೀರ್ಪಿನ ಒಟ್ಟು ತಾತ್ಪರ್ಯ. ಅಪಘಾತ ಆಗಿ ಹನ್ನೆರಡು ವರ್ಷ ಕಳೆದಿತ್ತು.

ದಾಸ್ ಹೋದ ಮೇಲೆ ಎಂಕೆ-1ಆರ್ ಉತ್ಪಾದನೆಯ ಹಂತಕ್ಕೆ ಬರಲೇ ಇಲ್ಲ. ಹಳೆಯ ಎಂಜಿನ್ನಿನ ಮಾರುತಗಳೇ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದವು, ಒಳ್ಳೆ ಹೆಸರನ್ನೂ ತಂದವು. ಎಲ್ಲ ಸೇರಿ 147 ಕಟ್ಟಿ, ಅಲ್ಲಿಗೆ ನಿಲ್ಲಿಸಿದರು. ಟ್ಯಾಂಕ್ 1967ರಲ್ಲೇ ಜರ್ಮನಿಗೆ ಮರಳಿದ್ದರು. ಮಗ ತೀರಿಕೊಂಡು ಏಳು ವರ್ಷದ ಮೇಲೆ, 1977ರಲ್ಲಿ, ನ್ಯಾಯಮೂರ್ತಿ ದಾಸ್ ಕಣ್ಣು ಮುಚ್ಚಿದರು. ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಮ್ಯೂಸಿಯಂನಲ್ಲಿ ಒಂದು ಮಾರುತ ನಿಂತಿದೆ. ಸುರಂಜನ್ ದಾಸ್ ರಸ್ತೆಯಿಂದ ಅಲ್ಲಿಗೆ ದೂರ ಇಲ್ಲ. ಇಂಟರ್‌ವ್ಯೂ ಮುಗಿಸಿ ಹೊತ್ತಿದ್ದರೆ ಹೋಗಿ ಬರ್ರಿ. ಎಲ್ಲರೂ ಮೂಗಿನ ಕಡೆ ನಿಂತು ಫೋಟೋ ತೆಗೀತಾರೆ. ನೀವು ಹಿಂದಕ್ಕೆ ಸುತ್ತಿ ಹೋಗಿ ಆ ಎರಡು ನಾಝಲ್‌ಗಳನ್ನು ನೋಡ್ರಿ.