ರಾಬರ್ಟ್ ಬಾಷ್

ರಾಬರ್ಟ್ ಬಾಷ್ (23 ಸೆಪ್ಟೆಂಬರ್ 1861 – 12 ಮಾರ್ಚ್ 1942) ಜರ್ಮನಿಯ ಕೈಗಾರಿಕೋದ್ಯಮಿ ಹಾಗೂ ದಾನಿ. ಸ್ಟಟ್‌ಗಾರ್ಟ್ ನಗರದಲ್ಲಿ 1886ರಲ್ಲಿ ಅವರು ತೆರೆದ ಸಣ್ಣ ಕಾರ್ಯಾಗಾರವೇ ಮುಂದೆ ಬಾಷ್ ಸಂಸ್ಥೆಯಾಗಿ ಬೆಳೆಯಿತು. ಅವರು ಹೆಸರಾದದ್ದು ಕಾರು ತಯಾರಕರಾಗಿ ಅಲ್ಲ. ಇತರರು ತಯಾರಿಸಿದ ವಾಹನಗಳಿಗೆ ಜೋಡಿಸುವ ಕಿಡಿಯಂತ್ರ, ದೀಪ, ಸ್ಟಾರ್ಟರ್, ಹಾರ್ನ್, ವೈಪರ್ ಮೊದಲಾದ ಸಲಕರಣೆಗಳೇ ಅವರ ಸಂಸ್ಥೆಯ ಜೀವಾಳವಾಗಿದ್ದವು. ಇಂದು ಪ್ರತಿಯೊಂದು ಕುಟುಂಬ ಕಾರಿನಲ್ಲಿ ಸಹಜವೆಂದು ಭಾವಿಸಲಾಗುವ ಈ ಭಾಗಗಳಲ್ಲಿ ಹಲವು, ಮೊದಲು ಕಾರು ಕೊಂಡವರು ಪ್ರತ್ಯೇಕವಾಗಿ ಹಣ ತೆತ್ತು ಹಾಕಿಸಿಕೊಳ್ಳಬೇಕಾಗಿದ್ದ ಹೆಚ್ಚುವರಿ ವಸ್ತುಗಳಾಗಿದ್ದವು. ಅವರ ಮರಣದ ನಂತರ, 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಮೂಲಕ ಅವರ ಹೆಸರು ಕರ್ನಾಟಕದೊಂದಿಗೂ ಬೆಸೆದುಕೊಂಡಿತು.

ಬಾಲ್ಯ ಮತ್ತು ಶಿಕ್ಷಣ

ರಾಬರ್ಟ್ ಬಾಷ್ ಅವರು ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ, ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರಾಗಿ ಜನಿಸಿದರು. ತಂದೆ ಸರ್ವಾಟಿಯಸ್ ಬಾಷ್ ಕೃಷಿಕರು. ಜೊತೆಗೆ ಹೆದ್ದಾರಿಯ ಬದಿಯಲ್ಲಿ ವಸತಿಗೃಹವೊಂದನ್ನು ನಡೆಸುತ್ತಿದ್ದರು. ಓದಿನಲ್ಲಿ ಆಸಕ್ತಿಯುಳ್ಳ, ಪ್ರಜಾಸತ್ತಾತ್ಮಕ ವಿಚಾರಗಳ ಪರವಾಗಿದ್ದ ತಂದೆಯ ಪ್ರಭಾವ ಮಗನ ಮೇಲೆ ಕೊನೆಯವರೆಗೂ ಉಳಿಯಿತು. 1869ರಲ್ಲಿ ಕುಟುಂಬ ಉಲ್ಮ್‌ಗೆ ನೆಲೆ ಬದಲಿಸಿತು.

ಉಲ್ಮ್‌ನಲ್ಲಿ ಶಾಲಾ ಶಿಕ್ಷಣ ಮುಗಿಸಿದ ಬಾಷ್, 1876ರಿಂದ 1879ರವರೆಗೆ ಸೂಕ್ಷ್ಮ ಯಂತ್ರಕರ್ಮಿಯೊಬ್ಬರ ಬಳಿ ತರಬೇತಿ ಪಡೆದರು. ಆ ತರಬೇತಿ ಅವರಿಗೆ ತೃಪ್ತಿ ನೀಡಲಿಲ್ಲ. ಗುರುವಿಗೆ ಕಲಿಸುವುದರಲ್ಲಿ ಹೆಚ್ಚಿನ ಆಸ್ಥೆ ಇರಲಿಲ್ಲ. ಮುಂದೆ ತಮ್ಮ ಕಾರ್ಖಾನೆಯಲ್ಲಿ ತರಬೇತಿಗೆ ಅವರು ಕೊಟ್ಟ ಮಹತ್ವಕ್ಕೆ ಈ ಅನುಭವವೂ ಒಂದು ಕಾರಣವಿರಬಹುದು. ಅನಂತರದ ಏಳು ವರ್ಷಗಳಲ್ಲಿ ಅವರು ಜರ್ಮನಿಯ ಹಲವು ಕಂಪನಿಗಳಲ್ಲಿ ದುಡಿದರು. ಸೈನ್ಯದಲ್ಲಿ ಒಂದು ವರ್ಷದ ಸೇವೆ ಸಲ್ಲಿಸಿದರು. ಸ್ಟಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಸ್ವಲ್ಪ ಕಾಲ ಅತಿಥಿ ವಿದ್ಯಾರ್ಥಿಯಾಗಿದ್ದರು. 1884ರಲ್ಲಿ ಅಮೆರಿಕಕ್ಕೆ ತೆರಳಿ ಥಾಮಸ್ ಎಡಿಸನ್ ಅವರ ಉದ್ಯಮಗಳಿಗೆ ಸಂಬಂಧಿಸಿದ ಕಾರ್ಯಾಗಾರದಲ್ಲಿ, ಬಳಿಕ ಇಂಗ್ಲೆಂಡಿನ ಸೀಮೆನ್ಸ್ ಬ್ರದರ್ಸ್ ಕಂಪನಿಯಲ್ಲಿ ಕೆಲಸ ಮಾಡಿದರು.

ಸ್ಟಟ್‌ಗಾರ್ಟ್‌ನ ಕಾರ್ಯಾಗಾರ

1886ರ ನವೆಂಬರ್ 15ರಂದು ಬಾಷ್ ಅವರು ಸ್ಟಟ್‌ಗಾರ್ಟ್‌ನಲ್ಲಿ ಸೂಕ್ಷ್ಮ ಯಂತ್ರಗಳು ಹಾಗೂ ವಿದ್ಯುತ್ ಉಪಕರಣಗಳ ಕಾರ್ಯಾಗಾರವನ್ನು ತೆರೆದರು. ಅವರ ಜೊತೆಗಿದ್ದವರು ಒಬ್ಬ ಕುಶಲಕರ್ಮಿ ಮತ್ತು ಒಬ್ಬ ಹುಡುಗ ಮಾತ್ರ. ದೂರವಾಣಿ, ವಿದ್ಯುತ್ ಗಂಟೆ ಹೀಗೆ ಬಂದ ಕೆಲಸವನ್ನೆಲ್ಲ ಮಾಡಿಕೊಡುತ್ತಿದ್ದರು. ಮರುವರ್ಷ ಅವರು ಅನ್ನಾ ಕೈಸರ್ ಅವರನ್ನು ವಿವಾಹವಾದರು. ಮೊದಲ ಹಲವು ವರ್ಷ ವ್ಯವಹಾರ ಏಳುಬೀಳಿನಲ್ಲೇ ಸಾಗಿತು. 1890ರ ದಶಕದ ಆರಂಭದಲ್ಲಿ ಕೆಲಸಗಾರರಲ್ಲಿ ಹೆಚ್ಚಿನವರನ್ನು ಬಿಡಬೇಕಾಯಿತು. ಗ್ರಾಹಕರ ಬಳಿಗೆ ಹೋಗಿಬರಲು ಬಾಷ್ 1890ರಲ್ಲಿ ಒಂದು ಸೈಕಲ್ ಕೊಂಡಿದ್ದರು. ಮೋಟಾರು ವಾಹನ ಇನ್ನೂ ಅವರ ವ್ಯವಹಾರದ ಭಾಗವಾಗಿರಲಿಲ್ಲ.

1887ರಲ್ಲಿ ಯಂತ್ರ ತಯಾರಕರೊಬ್ಬರು, ಡಾಯ್ಟ್ಸ್ ಕಂಪನಿಯ ಎಂಜಿನ್‌ಗಳಲ್ಲಿ ಇದ್ದಂತಹ ಮ್ಯಾಗ್ನೆಟೋ ಒಂದನ್ನು ತಮ್ಮ ಸ್ಥಿರ ಎಂಜಿನ್‌ಗೂ ಮಾಡಿಕೊಡುವಂತೆ ಕೇಳಿದರು. ಅದಕ್ಕೆ ಪೇಟೆಂಟ್ ಇಲ್ಲವೆಂದು ವಿಚಾರಿಸಿ ಖಚಿತಪಡಿಸಿಕೊಂಡ ಮೇಲೆಯೇ ಬಾಷ್ ಅದನ್ನು ತಯಾರಿಸಿದರು. ಮ್ಯಾಗ್ನೆಟೋವನ್ನು ಬಾಷ್ ಕಂಡುಹಿಡಿದರೆಂಬ ಹೇಳಿಕೆ ಆದ್ದರಿಂದ ಸರಿಯಲ್ಲ. ಇದ್ದ ಉಪಕರಣವನ್ನು ನಂಬಲರ್ಹವಾಗುವಂತೆ ಸುಧಾರಿಸಿ, ಅದನ್ನು ಚಲಿಸುವ ವಾಹನಕ್ಕೆ ಹೊಂದಿಸಿದ್ದು ಅವರ ಕಾರ್ಯಾಗಾರದ ಸಾಧನೆ.

ಮ್ಯಾಗ್ನೆಟೋ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್‌ನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಬೆಂಕಿ ತಗುಲಿಸುವುದು ಮೊದಲ ಮೋಟಾರು ವಾಹನಗಳ ಅತಿ ದೊಡ್ಡ ತೊಡಕಾಗಿತ್ತು. ಡೈಮ್ಲರ್ ಎಂಜಿನ್‌ಗಳಲ್ಲಿ ಜ್ವಾಲೆಯಿಂದ ಕಾಯಿಸಿದ ಕೊಳವೆಯೊಂದು ಈ ಕೆಲಸ ಮಾಡುತ್ತಿತ್ತು. ಪೆಟ್ರೋಲಿನ ಪಕ್ಕದಲ್ಲೇ ತೆರೆದ ಬೆಂಕಿಯಿದ್ದುದರಿಂದ ವಾಹನವೇ ಹೊತ್ತಿಕೊಳ್ಳುವ ಅಪಾಯವಿತ್ತು. ಬ್ಯಾಟರಿಯಿಂದ ಕಿಡಿ ಪಡೆಯುವ ವಾಹನಗಳೂ ಇದ್ದವು. ಆದರೆ ಓಡುವಾಗ ಬ್ಯಾಟರಿಯನ್ನು ಮರುಪೂರಣ ಮಾಡುವ ವ್ಯವಸ್ಥೆ ಇರದ ಕಾರಣ, ಅದು ಬರಿದಾದಲ್ಲಿ ವಾಹನವೂ ನಿಲ್ಲುತ್ತಿತ್ತು. ಮ್ಯಾಗ್ನೆಟೋ ಎಂಜಿನ್ನಿನ ಚಲನೆಯಿಂದಲೇ ವಿದ್ಯುತ್ ಉತ್ಪಾದಿಸುತ್ತದೆ. ಅದಕ್ಕೆ ಬ್ಯಾಟರಿ ಬೇಡ.

1897ರಲ್ಲಿ ಡೈಮ್ಲರ್ ಕಂಪನಿಯೊಂದಿಗೆ ನಂಟು ಹೊಂದಿದ್ದ ಬ್ರಿಟಿಷ್ ಉದ್ಯಮಿ ಫ್ರೆಡರಿಕ್ ಸಿಮ್ಸ್, ಫ್ರಾನ್ಸಿನ ಡಿ ಡಿಯೋನ್-ಬೂಟೋನ್ ಕಂಪನಿಯ ಮೂರು ಗಾಲಿಯ ಮೋಟಾರು ವಾಹನವೊಂದನ್ನು ಕಳುಹಿಸಿ, ಅದಕ್ಕೆ ಮ್ಯಾಗ್ನೆಟೋ ಜೋಡಿಸಿಕೊಡುವಂತೆ ಕೇಳಿಕೊಂಡರು. ಅದರ ಎಂಜಿನ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತಿತ್ತು. ಬಾಷ್ ಅವರ ಬಳಿ ಇದ್ದ ಮ್ಯಾಗ್ನೆಟೋ ನಿಧಾನಗತಿಯ ಸ್ಥಿರ ಎಂಜಿನ್‌ಗಾಗಿ ರೂಪಿಸಿದ್ದು. ನಿಮಿಷಕ್ಕೆ 200 ಕಿಡಿಗಳನ್ನಷ್ಟೇ ಕೊಡಬಲ್ಲದು. ತಂತಿ ಸುತ್ತಿದ ಭಾರವಾದ ಆರ್ಮೇಚರನ್ನು ಅಷ್ಟು ವೇಗವಾಗಿ ಹಿಂದೆ ಮುಂದೆ ಆಡಿಸುವುದು ಅಸಾಧ್ಯವಾಗಿತ್ತು. ಕಾರ್ಯಾಗಾರದ ಮುಖ್ಯಸ್ಥ ಆರ್ನಾಲ್ಡ್ ಝೆರಿಂಗರ್ ಆರ್ಮೇಚರನ್ನು ನಿಶ್ಚಲವಾಗಿರಿಸಿ, ಅದರ ಮತ್ತು ಅಯಸ್ಕಾಂತದ ನಡುವೆ ಹಗುರವಾದ ಲೋಹದ ತೋಳೊಂದನ್ನು ಚಲಿಸುವಂತೆ ಮಾಡಿ ಸಮಸ್ಯೆಯನ್ನು ಪರಿಹರಿಸಿದರು. ಮತ್ತೊಬ್ಬರ ಕಾರ್ಖಾನೆಯಿಂದ ಪೂರ್ಣಗೊಂಡು ಹೊರಬಂದ ವಾಹನಕ್ಕೆ ಉತ್ತಮವಾದ ಭಾಗವನ್ನು ಅಳವಡಿಸುವ ಈ ಕೆಲಸವೇ ಬಾಷ್ ಸಂಸ್ಥೆ ಮೋಟಾರು ಕ್ಷೇತ್ರಕ್ಕೆ ಕಾಲಿಟ್ಟ ಬಗೆ. 1898ರಲ್ಲಿ ಸಿಮ್ಸ್ ಅವರೊಡಗೂಡಿ ಬ್ರಿಟನ್ನಿನಲ್ಲಿ, 1899ರಲ್ಲಿ ಪ್ಯಾರಿಸ್‌ನಲ್ಲಿ ಮಾರಾಟ ಕಚೇರಿಗಳು ಆರಂಭವಾದವು. 1901ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಮೊದಲ ಸ್ವಂತ ಕಾರ್ಖಾನೆ ತಲೆಯೆತ್ತಿತು. ಆಗ ನೌಕರರ ಸಂಖ್ಯೆ 45.

1902ರಲ್ಲಿ ಬಾಷ್ ಅವರ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ರೂಪಿಸಿದರು. ಅದಕ್ಕೂ ಮುಂಚೆ ಸಿಲಿಂಡರಿನೊಳಗೆ ಚಲಿಸುವ ಲೋಹದ ತುದಿಗಳು ಬೇರ್ಪಟ್ಟಾಗ ಕಿಡಿ ಹುಟ್ಟುತ್ತಿತ್ತು. ಆ ಭಾಗಗಳು ಬೇಗ ಸವೆಯುತ್ತಿದ್ದವು. ಪ್ಲಗ್‌ನಲ್ಲಿ ಚಲಿಸುವ ಭಾಗವೇ ಇಲ್ಲ. ಹಾಳಾದರೆ ತಿರುಪು ಬಿಚ್ಚಿ ಬೇರೊಂದನ್ನು ಹಾಕಿದರಾಯಿತು. 1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಗೋರ್ಡನ್ ಬೆನೆಟ್ ಸ್ಪರ್ಧೆಯಲ್ಲಿ ಬೆಲ್ಜಿಯಂನ ಚಾಲಕ ಕಮೀಲ್ ಜೆನಾಟ್ಸಿ, ಬಾಷ್ ಮ್ಯಾಗ್ನೆಟೋ ಇದ್ದ ಮರ್ಸಿಡಿಸ್ ಕಾರಿನಲ್ಲಿ ಗೆದ್ದುದು ಸಂಸ್ಥೆಗೆ ಹೆಸರು ತಂದಿತು. 1906ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೋ ತಯಾರಾಯಿತು.

ಕಾರಿನ ಹೆಚ್ಚುವರಿ ಸಲಕರಣೆಗಳು

ಒಂದೇ ವಸ್ತುವನ್ನು ನೆಚ್ಚಿಕೊಂಡಿರುವುದು ಅಪಾಯಕರವೆಂದು ಬಾಷ್ ಅವರಿಗೆ ಅರಿವಿತ್ತು. ಆಗಿನ ಕಾರುಗಳಿಗೆ ಕಾರ್ಬೈಡ್‌ನಿಂದ ಹೊರಬರುವ ಅಸಿಟಿಲೀನ್ ಅನಿಲದ ದೀಪಗಳಿದ್ದವು. ಅವನ್ನು ಇಳಿದು ಕಡ್ಡಿಗೀರಿ ಹೊತ್ತಿಸಬೇಕಿತ್ತು. 1913ರಲ್ಲಿ ಬಾಷ್ ಸಂಸ್ಥೆ ವಿದ್ಯುತ್ ಹೆಡ್‌ಲೈಟ್, ಡೈನಮೋ, ಬ್ಯಾಟರಿ ಮತ್ತು ವೋಲ್ಟೇಜ್ ನಿಯಂತ್ರಕಗಳನ್ನು ಒಂದು ಪೂರ್ಣ ವ್ಯವಸ್ಥೆಯಾಗಿ ಮಾರುಕಟ್ಟೆಗೆ ತಂದಿತು. ಎಂಜಿನ್ ಓಡುವಾಗ ಡೈನಮೋ ಬ್ಯಾಟರಿಯನ್ನು ತುಂಬುತ್ತದೆ, ನಿಂತಾಗ ಬ್ಯಾಟರಿ ದೀಪ ಉರಿಸುತ್ತದೆ. ನೋಡಲು ಇದು ದೀಪದ ಕಥೆಯಾದರೂ, ವಾಸ್ತವದಲ್ಲಿ ಕಾರಿನೊಳಗೆ ಒಂದು ಸಣ್ಣ ವಿದ್ಯುತ್ ಕೇಂದ್ರವೇ ನೆಲೆಗೊಂಡಂತಾಯಿತು. ಮುಂದಿನ ಸಲಕರಣೆಗಳೆಲ್ಲ ಅದನ್ನೇ ಆಧರಿಸಿ ಬಂದವು.

1914ರಲ್ಲಿ ವಿದ್ಯುತ್ ಸ್ಟಾರ್ಟರ್ ಬಂದಿತು. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಇದು 1912ರಲ್ಲೇ ಇತ್ತು; ಕೈಯಿಂದ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ಮೂಳೆ ಮುರಿಯುವ ಅಪಘಾತಗಳು ಇದರಿಂದ ಕಡಿಮೆಯಾದವು. 1921ರಲ್ಲಿ ಹೊನೋಲ್ಡ್ ಅವರ ವಿನ್ಯಾಸದ ವಿದ್ಯುತ್ ಹಾರ್ನ್, 1926ರಲ್ಲಿ ಮೋಟಾರು ಚಾಲಿತ ವೈಪರ್, 1928ರಲ್ಲಿ ತಿರುವಿನ ದಿಕ್ಕು ಸೂಚಿಸಲು ಬದಿಯಿಂದ ಹೊರಚಾಚುವ ಸೂಚಕ ಹೀಗೆ ಒಂದಾದ ಮೇಲೊಂದು ಸೇರಿಕೊಂಡವು. ವೈಪರ್ ಬರುವ ಮೊದಲು ಹಲವು ಕಾರುಗಳಲ್ಲಿ ಚಾಲಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಪಟ್ಟಿಯನ್ನು ಆಡಿಸಬೇಕಾಗಿತ್ತು. 1932ರಲ್ಲಿ ಬಾಷ್ ಸಮೂಹಕ್ಕೆ ಸಂಬಂಧಿಸಿದ ಬ್ಲಾಪುಂಕ್ಟ್ ಹೆಸರಿನಲ್ಲಿ ಯುರೋಪಿನ ಮೊದಲ ಕಾರ್ ರೇಡಿಯೋ ಬಿಡುಗಡೆಯಾಯಿತು. ಅದರ ಬೆಲೆ 465 ಮಾರ್ಕ್, ಅಂದರೆ ಚಿಕ್ಕ ಕಾರೊಂದರ ಬೆಲೆಯ ಸುಮಾರು ಮೂರನೆಯ ಒಂದು ಭಾಗ. ಪೆಟ್ಟಿಗೆ ದೊಡ್ಡದಾಗಿದ್ದುದರಿಂದ ಗುಂಡಿಗಳನ್ನು ಸ್ಟಿಯರಿಂಗ್ ಕಂಬದ ಬಳಿ ಪ್ರತ್ಯೇಕವಾಗಿ ಜೋಡಿಸಲಾಗಿತ್ತು.

ಈ ಬೆಳವಣಿಗೆಯಲ್ಲಿ ಒಂದು ವಿಪರ್ಯಾಸವೂ ಇದೆ. ದೀಪಕ್ಕೆಂದು ಬಂದ ಡೈನಮೋ ಮತ್ತು ಬ್ಯಾಟರಿ ಎಲ್ಲ ಕಾರುಗಳಲ್ಲೂ ಇರುವಂತಾದಾಗ, ಅದೇ ಬ್ಯಾಟರಿಯಿಂದ ಅಗ್ಗವಾಗಿ ಕಿಡಿ ಪಡೆಯುವುದು ಸಾಧ್ಯವಾಯಿತು. ಬಾಷ್ ಸಂಸ್ಥೆಯನ್ನು ಬೆಳೆಸಿದ ಮ್ಯಾಗ್ನೆಟೋ ಕಾರುಗಳಿಂದ ಕ್ರಮೇಣ ಮರೆಯಾಯಿತು. 1920ರ ದಶಕದ ಮಧ್ಯಭಾಗದಲ್ಲಿ ಸಂಸ್ಥೆಯೂ ಬ್ಯಾಟರಿ ಇಗ್ನಿಷನ್ ಮಾರತೊಡಗಿತು. ಅದೇ ಸಮಯದ ಮಾರಾಟ ಕುಸಿತದಿಂದ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. 1927ರಲ್ಲಿ ಆರಂಭವಾದ ಡೀಸೆಲ್ ಇಂಧನ ಪಂಪಿನ ಉತ್ಪಾದನೆ, ನಂತರದ ವಿದ್ಯುತ್ ಡ್ರಿಲ್ ಮತ್ತು ರೆಫ್ರಿಜರೇಟರ್‌ಗಳು ಈ ಬಿಕ್ಕಟ್ಟಿಗೆ ಕಂಡುಕೊಂಡ ಪರಿಹಾರಗಳು.

ಹೊರಗಿನಿಂದ ಹಾಕಿಸಿದ ಸಲಕರಣೆ ಕೆಟ್ಟಾಗ ಕಾರು ತಯಾರಕರು ಹೊಣೆ ಹೊರುವುದಿಲ್ಲ. ಆ ಕಾರಣದಿಂದ 1921ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಮೊದಲ ಬಾಷ್ ಸೇವಾ ಕೇಂದ್ರ ಆರಂಭಗೊಂಡದ್ದು ಗಮನಾರ್ಹ. ಯಾವ ಕಂಪನಿಯ ಕಾರೇ ಆಗಿರಲಿ, ಅದಕ್ಕೆ ಸಲಕರಣೆ ಜೋಡಿಸುವ ಮತ್ತು ದುರಸ್ತಿ ಮಾಡುವ ಇಂತಹ ಕೇಂದ್ರಗಳು ಕಾಲಕ್ರಮೇಣ ಹಲವು ದೇಶಗಳಿಗೆ ಹರಡಿದವು.

ಕಾರ್ಮಿಕರು ಮತ್ತು ಸಮಾಜ

1906ರಲ್ಲಿ ಬಾಷ್ ತಮ್ಮ ಕಾರ್ಖಾನೆಯಲ್ಲಿ ಎಂಟು ಗಂಟೆಗಳ ಕೆಲಸದ ದಿನವನ್ನು ಜಾರಿಗೆ ತಂದರು. ಜರ್ಮನಿಯಲ್ಲಿ ಹೀಗೆ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. 1910ರಿಂದ ಶನಿವಾರ ಮಧ್ಯಾಹ್ನದ ರಜೆಯೂ ದೊರೆಯಿತು. ಇತರ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಹಂಗಿಸುತ್ತಿದ್ದರು. ಇದು ಬರಿಯ ಔದಾರ್ಯವಾಗಿರಲಿಲ್ಲ. ಎರಡು ಪಾಳಿಗಳಲ್ಲಿ ಯಂತ್ರಗಳನ್ನು ಹೆಚ್ಚು ಹೊತ್ತು ದುಡಿಸಲು ಅದು ಅನುಕೂಲವಾಗಿತ್ತು. 1913ರಲ್ಲಿ ಅದೇ ಕಾರ್ಖಾನೆಯಲ್ಲಿ ತೀವ್ರ ಮುಷ್ಕರ ನಡೆಯಿತು. ಅದರ ಬಳಿಕ ಬಾಷ್ ಮಾಲೀಕರ ಸಂಘವನ್ನು ಸೇರಿದರು.

ಯುದ್ಧಗಳು ಮತ್ತು ಕೊನೆಯ ವರ್ಷಗಳು

ಮೊದಲ ಮಹಾಯುದ್ಧಕ್ಕೆ ಮುನ್ನ ಸಂಸ್ಥೆಯ ಮಾರಾಟದ ಬಹುಪಾಲು ವಿದೇಶಗಳಲ್ಲಿತ್ತು. ಯುದ್ಧ ಆರಂಭವಾದೊಡನೆ ಆ ಮಾರುಕಟ್ಟೆಗಳು ಮುಚ್ಚಿದವು. ಅಮೆರಿಕದಲ್ಲಿದ್ದ ಕಾರ್ಖಾನೆಯನ್ನು ಅಲ್ಲಿನ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಇತ್ತ ಸೇನೆಯ ಬೇಡಿಕೆಯಿಂದ ಲಾಭ ಹರಿದುಬಂತು. ಯುದ್ಧದಿಂದ ಬಂದ ಹಣವನ್ನು ಇಟ್ಟುಕೊಳ್ಳಲು ಬಯಸದ ಬಾಷ್, 1916ರಲ್ಲಿ ನೆಕ್ಕಾರ್ ನದಿಯ ಕಾಲುವೆ ಯೋಜನೆಗೆ 1.3 ಕೋಟಿ ಮಾರ್ಕ್ ಮೀಸಲಿಟ್ಟರು. ಮಗ ರಾಬರ್ಟ್ ದೀರ್ಘಕಾಲದ ಕಾಯಿಲೆಯಿಂದ 1921ರಲ್ಲಿ ನಿಧನನಾದನು. 1927ರಲ್ಲಿ ಅನ್ನಾ ಅವರಿಂದ ವಿಚ್ಛೇದನ ಪಡೆದ ಬಾಷ್, ಅದೇ ವರ್ಷ ಮಾರ್ಗರೆಟ್ ವೋರ್ಟ್ಸ್ ಅವರನ್ನು ಮದುವೆಯಾದರು. ಹೋಮಿಯೋಪತಿಯಲ್ಲಿ ನಂಬಿಕೆಯಿದ್ದ ಅವರು ಸ್ಟಟ್‌ಗಾರ್ಟ್‌ಗೆ ಕೊಡುಗೆಯಾಗಿ ನೀಡಿದ ರಾಬರ್ಟ್ ಬಾಷ್ ಆಸ್ಪತ್ರೆ 1940ರಲ್ಲಿ ಆರಂಭವಾಯಿತು.

ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಸ್ನೇಹ ಬೆಳೆಯಬೇಕೆಂದು ಶ್ರಮಿಸಿದ್ದ ಬಾಷ್ ಅವರ ಜೀವನದ ಅತ್ಯಂತ ಕಠಿಣ ಅಧ್ಯಾಯ 1933ರ ನಂತರದ್ದು. ಅವರು ಮತ್ತು ಅವರ ಆಪ್ತರು ನಾತ್ಸಿ ಆಡಳಿತವನ್ನು ಒಪ್ಪಲಿಲ್ಲ. ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್ ಅವರಿಗೆ 1937ರಿಂದ ಸಂಸ್ಥೆಯಲ್ಲಿ ಸಲಹೆಗಾರರ ಹುದ್ದೆ ನೀಡಿ ಆಸರೆಯಾದರು. ಸಂಸ್ಥೆಯ ಮುಖ್ಯಸ್ಥ ಹಾನ್ಸ್ ವಾಲ್ಟ್ಸ್ ಯಹೂದಿಗಳಿಗೆ ನೆರವಾದರು. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 1969ರಲ್ಲಿ ಅವರನ್ನು ಗೌರವಿಸಿತು. ಆದರೆ ಅದೇ ಕಾರ್ಖಾನೆಗಳು ಸೇನೆಯ ವಾಹನ ಹಾಗೂ ವಿಮಾನಗಳಿಗೆ ಸಲಕರಣೆ ಒದಗಿಸಿದವು, ಮತ್ತು ಯುದ್ಧಕಾಲದಲ್ಲಿ ಸಾವಿರಾರು ಬಲವಂತದ ಕಾರ್ಮಿಕರು ಅಲ್ಲಿ ದುಡಿಯಬೇಕಾಯಿತು. ಈ ಎರಡನ್ನೂ ಬಿಟ್ಟು ಬಾಷ್ ಅವರ ಜೀವನವನ್ನು ಅಳೆಯಲಾಗದು. 1942ರ ಮಾರ್ಚ್ 12ರಂದು ಸ್ಟಟ್‌ಗಾರ್ಟ್‌ನಲ್ಲಿ ಅವರು ನಿಧನರಾದಾಗ, ಅವರು ಒಪ್ಪದ ಸರ್ಕಾರವೇ ರಾಜ್ಯ ಗೌರವದೊಂದಿಗೆ ಅಂತ್ಯಸಂಸ್ಕಾರ ಏರ್ಪಡಿಸಿತು. ಅವರ ಉಯಿಲಿನ ಆಶಯದಂತೆ, 1964ರಿಂದ ಸಂಸ್ಥೆಯ ಬಹುಪಾಲು ಷೇರುಗಳು ಇಂದು ರಾಬರ್ಟ್ ಬಾಷ್ ಪ್ರತಿಷ್ಠಾನವೆನಿಸಿರುವ ದತ್ತಿ ಸಂಸ್ಥೆಯ ಕೈಗೆ ಬಂದವು.

ಭಾರತ ಮತ್ತು ಕರ್ನಾಟಕ

ಬಾಷ್ ಅವರ ಜೀವಿತಕಾಲದಲ್ಲೇ, 1922ರಲ್ಲಿ ಕಲ್ಕತ್ತದ ಇಲ್ಲೀಸ್ ಕಂಪನಿಯ ಮೂಲಕ ಅವರ ಉತ್ಪನ್ನಗಳು ಭಾರತದಲ್ಲಿ ಮಾರಾಟವಾಗತೊಡಗಿದವು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಧನ ಪಂಪುಗಳ ತಯಾರಿಕೆಗೆ ಕೈಹಾಕಿತು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಮೈಕೋ ಪ್ಲಗ್ ಎಂಬುದು ಗ್ಯಾರೇಜುಗಳಲ್ಲಿ ಮನೆಮಾತಾಗಿತ್ತು. ಬೆಂಗಳೂರಿನ ಒಂದು ಬಡಾವಣೆಯೂ ಮೈಕೋ ಲೇಔಟ್ ಎಂದು ಹೆಸರಾಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಈ ಸಲಕರಣೆಗಳ ಬೆಲೆ ರಾಜ್ಯದ ಬಯಲುಸೀಮೆಗಿಂತ ಘಟ್ಟದ ಹಾದಿಗಳಲ್ಲಿ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ, ಸಿದ್ದಾಪುರದ ಕಡೆಯ ದೊಡ್ಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾ ದಿಕ್ಕಿಗೆ ಇಳಿಯುವ ಅರಬೈಲ್ ಘಟ್ಟಗಳಲ್ಲಿ ಮಳೆಗಾಲದ ಮಂಜು, ಜಡಿಮಳೆ, ಎದುರು ವಾಹನ ಕಾಣದ ತಿರುವುಗಳು ಒಟ್ಟಿಗೇ ಎದುರಾಗುತ್ತವೆ. ಅಲ್ಲಿ ವೈಪರ್, ದೀಪ, ಹಾರ್ನ್‌ಗಳು ಅಲಂಕಾರದ ವಸ್ತುಗಳಲ್ಲ. ಇಂತಹ ಕಡೆ ಹೆಚ್ಚುವರಿ ಮಂಜುದೀಪ ಅಥವಾ ದೊಡ್ಡ ಹಾರ್ನ್ ಹಾಕಿಸುವಾಗ, 1913ರ ವ್ಯವಸ್ಥೆಯ ತತ್ವವೇ ಈಗಲೂ ಅನ್ವಯಿಸುತ್ತದೆ: ಜೋಡಿಸಿದ ಪ್ರತಿಯೊಂದು ವಸ್ತುವೂ ಅದೇ ಬ್ಯಾಟರಿ ಮತ್ತು ಜನರೇಟರಿನಿಂದ ವಿದ್ಯುತ್ ಪಡೆಯುತ್ತದೆ. ಹೆಚ್ಚಿನ ವಿದ್ಯುತ್ ಎಳೆಯುವ ದೀಪ, ಹಾರ್ನ್‌ಗಳಿಗೆ ರಿಲೇ ಮತ್ತು ಪ್ರತ್ಯೇಕ ಫ್ಯೂಸ್ ಇಲ್ಲದೆ ಮೂಲ ತಂತಿಗೇ ಸಂಪರ್ಕ ಕೊಟ್ಟರೆ, ತಂತಿ ಕಾದು ನಿರೋಧಕ ಹೊದಿಕೆ ಸುಡುವ ಅಪಾಯವಿದೆ.