ಉತ್ತಂಗಿ ಚನ್ನಪ್ಪ: ಕ್ರೈಸ್ತ ಶ್ರದ್ಧೆ ಮತ್ತು ಬಿಡುಗಡೆಯ ಅರ್ಥ

ರಾಷ್ಟ್ರೀಯ ಹೋರಾಟದ ಕಾಲದಲ್ಲಿ ಭಾರತೀಯ ಕ್ರೈಸ್ತರ ಮುಂದೆ ಇಕ್ಕಟ್ಟಿನ ಪ್ರಶ್ನೆಯೊಂದಿತ್ತು. ಆಳುವವರ ಧರ್ಮವೂ ತಮ್ಮ ಧರ್ಮವೂ ಹೆಸರಿನಲ್ಲಿ ಒಂದೇ ಆಗಿರುವಾಗ, ಆಳ್ವಿಕೆಯಿಂದ ಬಿಡುಗಡೆ ಬಯಸುವುದೆಂದರೇನು? ಈ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಸತ್ಯಾಗ್ರಹ ಮತ್ತು ಸೆರೆಮನೆಗಳ ಚರಿತ್ರೆಯಲ್ಲಿ ಹುಡುಕಲಾಗುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬದುಕು ಬೇರೊಂದು ನೆಲೆಯ ಉತ್ತರವನ್ನು ಮುಂದಿಡುತ್ತದೆ. ರಾಜಕೀಯ ಸ್ವಾತಂತ್ರ್ಯದಷ್ಟೇ ಮಹತ್ವದ ಬಿಡುಗಡೆಯೊಂದು ನುಡಿಯಲ್ಲಿ ಮತ್ತು ಪರಂಪರೆಯ ನೆನಪಿನಲ್ಲಿ ದೊರಕಬೇಕೆಂಬುದನ್ನು ಅವರ ಕೃತಿಗಳು ಸೂಚಿಸುತ್ತವೆ.

ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ಮನೆತನದ ಮೂಲ ಹೂವಿನ ಹಡಗಲಿ ಸೀಮೆಯ ಉತ್ತಂಗಿ. ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ತರಬೇತಿ ಪಡೆದು, ಮುಂಬಯಿ ಕರ್ನಾಟಕದ ಸಭೆಗಳಲ್ಲಿ ಬೋಧಕರಾಗಿ ದುಡಿದರು. ಮಂಗಳೂರಿಗೆ 1834ರಲ್ಲಿಯೂ ಧಾರವಾಡಕ್ಕೆ 1837ರಲ್ಲಿಯೂ ಬಂದ ಈ ಮಿಶನ್, ಮೋಗ್ಲಿಂಗ್ ಮತ್ತು ಕಿಟ್ಟೆಲರ ಮೂಲಕ ಕನ್ನಡಕ್ಕೆ ಸಲ್ಲಿಸಿದ ಸೇವೆ ಪ್ರಸಿದ್ಧವಾದುದು. ಆದರೆ ಅದರ ಆಡಳಿತ ಯುರೋಪಿಯನ್ನರ ಕೈಯಲ್ಲಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿರಿಸಿತು. ಒಂದೇ ಕ್ರಿಸ್ತನನ್ನು ನಂಬುವ ಎರಡು ರಾಷ್ಟ್ರಗಳ ಹಗೆತನದಲ್ಲಿ ಕನ್ನಡ ಸಭೆಗಳು ಪೋಷಕರಿಲ್ಲದೆ ಉಳಿದವು. ಸ್ಥಳೀಯ ಸಭೆಯ ಭವಿಷ್ಯ ಪರದೇಶಗಳ ರಾಜಕಾರಣಕ್ಕೆ ಎಷ್ಟರಮಟ್ಟಿಗೆ ಅಧೀನವಾಗಿದೆ ಎಂಬುದು ಆಗ ಬಯಲಾಯಿತು. ಚನ್ನಪ್ಪನವರ ಚಿಂತನೆಯನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಅವರ ಅರಸುವಿಕೆಗೆ ಒದಗಿದ ನೆಲವೂ ಗಮನಾರ್ಹವಾದುದು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಪ್ರದೇಶ ಆಗ ಒಂದೇ ಆಡಳಿತದಲ್ಲಿರಲಿಲ್ಲ. ಸವಣೂರು 1948ರವರೆಗೂ ನವಾಬರ ಸಂಸ್ಥಾನವಾಗಿತ್ತು. ಆದರೆ ಆಡಳಿತದ ಗಡಿಗಳಿಗಿಂತ ಹಳೆಯದಾದ ಅನುಭಾವದ ನಂಟು ಈ ಸೀಮೆಗಿತ್ತು. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಊರು. ಶಿಶುನಾಳ ಷರೀಫರ ಊರು. ಹಾನಗಲ್ಲಿನ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿ ವೀರಶೈವರಲ್ಲಿ ಹೊಸ ಎಚ್ಚರ ಮೂಡಿಸಿದರು. ಹಿರೇಕೆರೂರು ಸೀಮೆಯ ಅಬಲೂರು ಮತ್ತು ಮಾಸೂರುಗಳನ್ನು ಜನಪರಂಪರೆ ಸರ್ವಜ್ಞನೊಂದಿಗೆ ಜೋಡಿಸಿದೆ. ಕ್ರೈಸ್ತ ಬೋಧಕನೊಬ್ಬ ತನ್ನ ನಾಡನ್ನು ಮರಳಿ ಕಂಡುಕೊಂಡದ್ದು ಈ ಸರ್ವಜ್ಞನ ಮೂಲಕವೇ.

ಹಸ್ತಪ್ರತಿಗಳಲ್ಲಿ ಚದುರಿದ್ದ, ಹಳ್ಳಿಗರ ನಾಲಗೆಯ ಮೇಲೆ ಉಳಿದಿದ್ದ ತ್ರಿಪದಿಗಳನ್ನು ಚನ್ನಪ್ಪನವರು ವರ್ಷಗಟ್ಟಲೆ ಕಲೆಹಾಕಿದರು. ಸುಮಾರು 2000 ವಚನಗಳ ಸಂಗ್ರಹ 1924ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನವೂ ಕರ್ನಾಟಕ ಏಕೀಕರಣ ಪರಿಷತ್ತೂ ನಡೆದವು. ಈ ಮೂರನ್ನೂ ಒಟ್ಟಿಗೆ ಇರಿಸಿ ನೋಡಿದಾಗ ಸಂಗ್ರಹದ ಅರ್ಥ ವಿಸ್ತಾರಗೊಳ್ಳುತ್ತದೆ. ಕತ್ತಲೆಯ ನಾಡಿಗೆ ಬೆಳಕು ಹೊರಗಿನಿಂದ ಬಂತೆಂಬುದು ವಸಾಹತುಶಾಹಿಯ ನಂಬಿಕೆ. ಜಾತಿಭೇದವನ್ನೂ ಡಾಂಭಿಕ ಆಚರಣೆಯನ್ನೂ ಪ್ರಶ್ನಿಸಿದ ಜಂಗಮಕವಿ ಈ ನೆಲದಲ್ಲೇ ಇದ್ದನೆಂದು ತೋರಿಸುವುದೆಂದರೆ ಆ ನಂಬಿಕೆಯ ಬುಡವನ್ನೇ ಅಲುಗಿಸುವುದು. ಮಿಶನ್ನಿನ ಮನೆಯೊಳಗಿನಿಂದಲೇ ಈ ಕೆಲಸ ನಡೆದದ್ದು ವಿಶೇಷ.

ಹಾಗೆಂದು ಅವರು ತಮ್ಮ ಶ್ರದ್ಧೆಯನ್ನು ತೊರೆಯಲಿಲ್ಲ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಅವರ ಕೃತಿಯ ಶೀರ್ಷಿಕೆಯೇ ಅವರ ನಿಲುವನ್ನು ಹೇಳುತ್ತದೆ. ಅಲ್ಲಿ ಲಂಡನ್ನಿಗಾಗಲಿ ಬಾಸೆಲ್ಲಿಗಾಗಲಿ ಎಡೆಯಿಲ್ಲ. ಏಷ್ಯಾದ ಒಂದು ಪುಣ್ಯಭೂಮಿ ಇನ್ನೊಂದನ್ನು ಮಾತನಾಡಿಸುತ್ತದೆ. ಅದೂ ಆಜ್ಞೆಯ ದನಿಯಲ್ಲಲ್ಲ, ವಿನಂತಿಯ ದನಿಯಲ್ಲಿ. ಕ್ರಿಸ್ತನನ್ನು ಸಾಮ್ರಾಜ್ಯದಿಂದ ಬಿಡಿಸಿಕೊಳ್ಳುವ ಪ್ರಯತ್ನ ಇದು.

ಸರ್ವಜ್ಞನಿಂದ ಅವರ ಆಸಕ್ತಿ ಶರಣರತ್ತ ಹರಿಯಿತು. ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯರ ವಚನಗಳ ಅಧ್ಯಯನದಲ್ಲಿ ಅವರು ತೊಡಗಿದರು. ಕಪಟರಾಳ ಕೃಷ್ಣರಾಯರು ಅನುಭವ ಮಂಟಪದ ಅಸ್ತಿತ್ವವನ್ನು ಸಂದೇಹಿಸಿದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರು ಈ ಕ್ರೈಸ್ತ ವಿದ್ವಾಂಸರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಹೈದರಾಬಾದ್ ಸಂಸ್ಥಾನ ಭಾರತದೊಂದಿಗೆ ಸೇರಿದ್ದು ಹಿಂದಿನ ವರ್ಷವಷ್ಟೇ. ಹೊಸದಾಗಿ ಬಿಡುಗಡೆ ಕಂಡ ಆ ನಾಡಿನಲ್ಲಿ ಕನ್ನಡಿಗರು ತಮ್ಮ ನುಡಿಯ ಪ್ರಾತಿನಿಧ್ಯವನ್ನು ಕ್ರೈಸ್ತ ಬೋಧಕರೊಬ್ಬರಿಗೆ ಒಪ್ಪಿಸಿದ್ದು, ರಾಷ್ಟ್ರೀಯತೆಗೆ ಒಂದೇ ಧರ್ಮದ ಗುರುತು ಬೇಕಿಲ್ಲವೆಂಬುದಕ್ಕೆ ಸಾಕ್ಷಿಯಾಯಿತು. ತಿರುಳ್ಗನ್ನಡದ ತಿರುಕ ಎಂಬ ಅಭಿಧಾನ ಅವರ ಹೆಸರಿನೊಂದಿಗೆ ನೆಲೆಗೊಂಡಿದೆ. ಕೊನೆಯ ವರ್ಷಗಳನ್ನು ಹೂವಿನ ಹಡಗಲಿಯಲ್ಲಿ ಕಳೆದ ಅವರು 1962ರ ಆಗಸ್ಟ್ 28ರಂದು ನಿಧನರಾದರು.

ಚನ್ನಪ್ಪನವರ ಓದಿಗೆ ಮಿತಿಗಳಿಲ್ಲವೆಂದಲ್ಲ. ಶರಣರಲ್ಲಿಯೂ ಸರ್ವಜ್ಞನಲ್ಲಿಯೂ ತಮ್ಮ ಶ್ರದ್ಧೆಗೆ ಒಪ್ಪುವ ಅಂಶಗಳನ್ನು ಅರಸುವ ಒಲವು ಬೋಧಕನಿಗೆ ಸಹಜ. ಅಂಥ ಓದು ವಚನಗಳ ಸ್ವತಂತ್ರ ತಾತ್ವಿಕತೆಯನ್ನು ಮಸುಕಾಗಿಸುವ ಸಾಧ್ಯತೆಯೂ ಉಂಟು. ಆದರೆ ಎರಡು ಸುಲಭ ದಾರಿಗಳನ್ನು ಅವರು ಒಪ್ಪಲಿಲ್ಲವೆಂಬುದು ಮುಖ್ಯ. ಕ್ರೈಸ್ತನಾಗಿ ಉಳಿಯಲು ನಾಡಿನ ಪರಂಪರೆಗೆ ಹೊರಗಿನವನಾಗಬೇಕೆಂಬುದು ಒಂದು. ನಾಡಿನವನಾಗಲು ಕ್ರಿಸ್ತನನ್ನು ಬಿಡಬೇಕೆಂಬುದು ಇನ್ನೊಂದು. ಇವೆರಡರ ನಡುವೆ ಅವರು ಕಟ್ಟಿಕೊಂಡ ನೆಲೆಯೇ ಸ್ವಾತಂತ್ರ್ಯಕ್ಕೆ ಅವರು ನೀಡಿದ ಅರ್ಥ. ಆಧುನಿಕ ಕನ್ನಡ ಸಂಸ್ಕೃತಿಯ ಅಧ್ಯಯನದಲ್ಲಿ ಅವರನ್ನು ಕೇವಲ ಸಂಗ್ರಾಹಕರೆಂದು ಗುರುತಿಸಿದರೆ ಈ ಮಹತ್ವದ ಆಯಾಮ ಕೈತಪ್ಪುತ್ತದೆ.