ಮೊದಲು ತೂಕ, ಆಮೇಲೆ ದಾರಿ: ದೊಮೆನಿಕೊ ಫೊಂಟಾನಾ

ಗಾಳಿಯಂತ್ರದ ರೆಕ್ಕೆ ಸಾಗಿಸೋರು ಲಾರಿ ಹೊರಡಿಸೋ ಮೊದಲು ದಾರಿಯ ತಿರುವು, ಸೇತುವೆ ಎಲ್ಲ ಅಳೀತಾರೆ. ಈ ವಿದ್ಯೆಗೆ ನಾವು ಹಿರಿಯಜ್ಜ ಅನ್ನಬಹುದಾದವರು ದೊಮೆನಿಕೊ ಫೊಂಟಾನಾ.

ಹುಟ್ಟಿದ್ದು 1543ರಲ್ಲಿ, ಲುಗಾನೊ ಸರೋವರದ ದಂಡೆಯ ಮೆಲಿದೆಯಲ್ಲಿ. ರೋಮ್‌ನಲ್ಲಿ ಕಾರ್ಡಿನಲ್ ಪೆರೆತ್ತಿಗೆ ಚಾಪೆಲ್ ಕಟ್ಟುವಾಗ ಹಣ ನಿಂತುಹೋಯಿತು. ಫೊಂಟಾನಾ ಸ್ವಂತ ದುಡ್ಡು ಹಾಕಿ ಕೆಲಸ ಮುಂದುವರಿಸಿದರು. 1585ರಲ್ಲಿ ಅದೇ ಪೆರೆತ್ತಿ, ಪೋಪ್ ಐದನೇ ಸಿಕ್ಸ್ಟಸ್ ಆದರು. ಈಜಿಪ್ಟಿನಿಂದ ಬಂದಿದ್ದ 25 ಮೀಟರ್ ಎತ್ತರದ ಏಕಶಿಲಾ ಕಂಬವನ್ನು ಸುಮಾರು 250 ಮೀಟರ್ ದೂರ, ಸೇಂಟ್ ಪೀಟರ್ಸ್ ಮುಂದಕ್ಕೆ ತರುವ ಕೆಲಸ ಫೊಂಟಾನಾಗೆ ಸಿಕ್ಕಿತು. ಬಿದ್ದು ಮುರಿದರೆ ಬದಲಿ ಇಲ್ಲ.

ಅವರು ಅದೇ ಜಾತಿಯ ಕಲ್ಲಿನ ಸಣ್ಣ ಘನವನ್ನು ತೂಗಿ, ಇಡೀ ಕಂಬದ ತೂಕ ಲೆಕ್ಕ ಹಾಕಿದರು: ಇಂದಿನ ಅಳತೆಯಲ್ಲಿ 300 ಟನ್‌ಗೂ ಹೆಚ್ಚು. ಅದರ ಮೇಲೆ ಹಗ್ಗ, ರಾಟೆ, ಕುದುರೆ ಎಷ್ಟು ಬೇಕು ಅಂತ ನಿರ್ಧರಿಸಿದರು. ಹೊಸ ಜಾಗ ತಗ್ಗಿನಲ್ಲಿತ್ತು. ಮಣ್ಣಿನ ಏರಿ ಹಾಕಿಸಿ ದಾರಿಯನ್ನೇ ಸಮ ಮಾಡಿದರು. ಅಡ್ಡ ಬರುವ ಮನೆ ಕೆಡವಲು ಪೋಪ್ ಅಧಿಕಾರ ಕೊಟ್ಟಿದ್ದರು.

1586ರ ಏಪ್ರಿಲ್ 30ರಂದು 907 ಜನ, 75 ಕುದುರೆ ಸೇರಿ ಕಂಬ ಎತ್ತಿದರು. ಸೆಪ್ಟೆಂಬರ್ 10ರಂದು ಅದು ಹೊಸ ಜಾಗದಲ್ಲಿ ನಿಂತಿತು. 1590ರಲ್ಲಿ ಫೊಂಟಾನಾ ಇದನ್ನೆಲ್ಲ ಚಿತ್ರಗಳ ಸಮೇತ ಪುಸ್ತಕ ಮಾಡಿದರು. ಅದೇ ವರ್ಷ ಸಿಕ್ಸ್ಟಸ್ ತೀರಿಕೊಂಡರು. ಮುಂದೆ ಬಂದ ಪೋಪ್ ಎಂಟನೇ ಕ್ಲೆಮೆಂಟ್ ಇವರನ್ನು ಕೆಲಸದಿಂದ ತೆಗೆದರು. ನೇಪಲ್ಸ್‌ಗೆ ಹೋಗಿ ಅಲ್ಲೇ 1607ರಲ್ಲಿ ತೀರಿಕೊಂಡರು. ಹುದ್ದೆ ಹೋಯಿತು, ಕಂಬ ಮಾತ್ರ ಇವತ್ತಿಗೂ ಅವರು ನಿಲ್ಲಿಸಿದಲ್ಲೇ ಇದೆ.